ಯುದ್ಧವನ್ನು ನಿಜವಾಗಿ ಬದಲಿಸಿದ್ದು ಯಾವ ತಂತ್ರಜ್ಞಾನ? ಸೆಮಿನಾರ್‌ಗೆ ಸಹಾಯ ಬೇಕು

ಮೂರನೇ ಬೆಂಚು:

ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಮುಂದಿನ ವಾರ 15 ನಿಮಿಷದ ಸೆಮಿನಾರ್ ಇದೆ. ತಂತ್ರಜ್ಞಾನ ಯುದ್ಧವನ್ನು ಹೇಗೆ ಬದಲಿಸಿತು ಅನ್ನೋದು ವಿಷಯ. ನಾನೇ ಆರಿಸಿಕೊಂಡಿದ್ದು, ಈಗ ನಾನೇ ಒದ್ದಾಡುತ್ತಿದ್ದೇನೆ.

ಸ್ಲೈಡ್ ಎಲ್ಲ ರೆಡಿ ಇವೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಗೋಡೆ ಒಡೆದ ಫಿರಂಗಿ, 1884ರ ಮ್ಯಾಕ್ಸಿಮ್ ಮಷಿನ್ ಗನ್, 1916ರ ಟ್ಯಾಂಕ್, 1945ರ ಅಣುಬಾಂಬ್, ಈಗಿನ ಡ್ರೋನ್. ಒಂದೊಂದಕ್ಕೂ ಒಂದು ಫೋಟೋ, ಕೆಳಗೆ ನಾಲ್ಕು ಸಾಲು. ನಿನ್ನೆ ನಮ್ಮ ಮೇಡಂಗೆ ತೋರಿಸಿದೆ. ಕೊನೆಯವರೆಗೂ ಸುಮ್ಮನೆ ನೋಡಿದರು. "ಇದು ಆಯುಧಗಳ ಆಲ್ಬಮ್ ಆಯ್ತಲ್ಲ, ನಿನ್ನ ಮಾತು ಎಲ್ಲಿ?" ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು, ಅದಕ್ಕೇ ಇನ್ನೂ ಬೇಜಾರಾಯಿತು.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಒಂದೇ ಒಂದು ಆರಿಸಿ ಅಂದರೆ ನೀವು ಯಾವುದನ್ನು ಆರಿಸುತ್ತೀರಿ? ಯಾಕೆ? "ಎಲ್ಲವೂ ಮುಖ್ಯವೇ" ಅನ್ನುವ ಉತ್ತರ ಬೇಡ ಪ್ಲೀಸ್. ಅದು ನನ್ನ ಹತ್ತಿರವೇ ಬೇಕಾದಷ್ಟಿದೆ.

ಲೇತ್ ಮೇಸ್ತ್ರಿ:

ನನ್ನ ಓಟು ಲೋಹಕ್ಕೆ.

ಹೈದರ್, ಟಿಪ್ಪು ಕಾಲದ ರಾಕೆಟ್ಟನ್ನೇ ತಗೊಳ್ಳಿ. ಮದ್ದು ಹಳೆಯದು, ರಾಕೆಟ್ಟೂ ಹಳೆಯದು. ಹೊಸದು ಅಂದರೆ ಕಬ್ಬಿಣದ ಕೊಳವೆ. ಕಾಗದದ್ದೋ ಬಿದಿರಿನದ್ದೋ ಕೊಳವೆಯಾದರೆ ಒಳಗಿನ ಒತ್ತಡ ತಡೆಯೋದಿಲ್ಲ, ಸೀಳಿಕೊಳ್ಳುತ್ತೆ. ಕಬ್ಬಿಣವಾದರೆ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ದೂರ ಹೋಗುತ್ತೆ. ಬ್ರಿಟಿಷರು ಅವನ್ನು ಇಂಗ್ಲೆಂಡಿಗೆ ಒಯ್ದರು. 1800ರ ನಂತರ ಅಲ್ಲಿನ ಕಾಂಗ್ರೀವ್ ಅನ್ನುವವನು ತಯಾರಿಸಿದ ರಾಕೆಟ್‌ಗಳಿಗೆ ಪ್ರೇರಣೆ ಅವೇ.

1870ರ ಫ್ರಾನ್ಸ್-ಪ್ರಷ್ಯ ಯುದ್ಧದಲ್ಲೂ ಇದೇ ಕತೆ. ಫ್ರೆಂಚರ ಶಾಸೆಪೋ ರೈಫಲ್ ಪ್ರಷ್ಯದವರ ರೈಫಲ್‌ಗಿಂತ ಎಷ್ಟೋ ಚೆನ್ನಾಗಿತ್ತು. ಆದರೆ ಪ್ರಷ್ಯದವರ ಹತ್ತಿರ ಕ್ರುಪ್ ಕಂಪನಿಯ ಉಕ್ಕಿನ ಫಿರಂಗಿ ಇತ್ತು. ಹಿಂದಿನಿಂದ ಗುಂಡು ತುಂಬುವಂಥದ್ದು. ಫ್ರೆಂಚರದ್ದು ಇನ್ನೂ ಕಂಚು, ಬಾಯಿಂದ ತುಂಬಬೇಕು. ಗೆದ್ದದ್ದು ಪ್ರಷ್ಯ. ಮೆಟೀರಿಯಲ್ ಬದಲಾದರೆ ಯುದ್ಧ ಬದಲಾಗುತ್ತೆ. ಇಷ್ಟೇ ನನ್ನ ಪಾಯಿಂಟು.

ತಂತಿ ಎಳೆದವನು:

ಮೂರನೇ ಬೆಂಚು ಅವರೇ, ತಮ್ಮನೋ ತಂಗಿಯೋ ಗೊತ್ತಿಲ್ಲ, ತಪ್ಪು ತಿಳಿಯಬೇಡಿ.

ನಾನು ಸೇನೆಯ ಸಿಗ್ನಲ್ಸ್‌ನಲ್ಲಿ, ಅಂದರೆ ಸಂಪರ್ಕ ವಿಭಾಗದಲ್ಲಿ, 17 ವರ್ಷ ಇದ್ದವನು. ಕೈಯಲ್ಲಿ ರೈಫಲ್‌ಗಿಂತ ಕೇಬಲ್ ಡ್ರಮ್ ಇದ್ದದ್ದೇ ಜಾಸ್ತಿ. ಹಾಗಾಗಿ ನನ್ನ ಉತ್ತರದಲ್ಲಿ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಆಲ್ಬಮ್‌ನಲ್ಲಿ ಇರೋದೆಲ್ಲ ಹೊಡೆಯುವ ಸಾಮಾನು. ಎಲ್ಲಿ ಹೊಡೆಯಬೇಕು, ಯಾವಾಗ ನಿಲ್ಲಿಸಬೇಕು ಅಂತ ಹೊಡೆಯುವವನಿಗೆ ಹೇಳಿದವರು ಯಾರು, ಹೇಗೆ ಹೇಳಿದರು? ಅದರ ಒಂದು ಫೋಟೋನೂ ಇಲ್ಲ. ನನ್ನ ಕೇಳಿದರೆ ಯುದ್ಧ ಬದಲಾಗಿದ್ದು ಅಲ್ಲಿ.

ಒಂದು ಬೆಳಗಿನ ಕತೆ ಹೇಳುತ್ತೇನೆ. 1916ರ ಜುಲೈ 1, ಫ್ರಾನ್ಸಿನ ಸೋಮ್ ಬಯಲು, ಬೋಮಾಂಟ್ ಹಾಮೆಲ್ ಅನ್ನುವ ಹಳ್ಳಿಯ ಎದುರು. ಏಳೂವರೆಗೆ ಬ್ರಿಟಿಷರ ಮೊದಲ ಸಾಲು ಕಂದಕದಿಂದ ಮೇಲೆ ಹತ್ತಿತು. ಮುಂದೆ ಏನಾಯಿತು ಅಂತ ಹಿಂದೆ ಕೂತ ಜನರಲ್‌ಗೆ ತಿಳಿಯಬೇಕಲ್ಲ? ಟೆಲಿಫೋನ್ ತಂತಿ ಅವರದ್ದೇ ಕಂದಕದ ಅಂಚಿನವರೆಗೆ ಮಾತ್ರ. ಅದರಾಚೆಗೆ ಚೀಟಿ ಹಿಡಿದು ಓಡುವ ಹುಡುಗರು, ಪಾರಿವಾಳ, ಬಣ್ಣದ ಫ್ಲೇರ್ ಅಂದರೆ ಆಕಾಶಕ್ಕೆ ಹಾರಿಸುವ ಬೆಳಕಿನ ಗುರುತು. ಸೈನಿಕರ ಬೆನ್ನಿಗೆ ತಗಡಿನ ತ್ರಿಕೋನ ಕಟ್ಟಿದ್ದರು. ಬಿಸಿಲಿಗೆ ಅದು ಹೊಳೆದರೆ ನಮ್ಮವರು ಎಲ್ಲಿಯವರೆಗೆ ಹೋಗಿದ್ದಾರೆ ಅಂತ ದೂರದಿಂದ ಕಾಣಲಿ ಅಂತ. ಮುಂದೆ ಹೋದವರು ಹೊಳೆದರು, ಗಾಯಗೊಂಡು ತೆವಳಿಕೊಂಡು ವಾಪಸ್ ಬರುವವರೂ ಹೊಳೆದರು.

ಮೊದಲ ಸಾಲಿನಲ್ಲಿ ಬಹುತೇಕ ಎಲ್ಲರೂ ಬಿದ್ದಿದ್ದರು. ಅಷ್ಟರಲ್ಲಿ ಜರ್ಮನ್ ಕಡೆಯಿಂದ ಬಿಳಿ ಫ್ಲೇರ್ ಎದ್ದಿತು. ಬ್ರಿಟಿಷರ ಲೆಕ್ಕದಲ್ಲಿ ಬಿಳಿ ಅಂದರೆ "ಗುರಿ ಮುಟ್ಟಿದೆವು". ಹಾರಿಸಿದ್ದು ಮಾತ್ರ ಜರ್ಮನ್ನರು. ಅವರದ್ದೇ ಫಿರಂಗಿ ಗುಂಡು ಅವರ ಹತ್ತಿರವೇ ಬೀಳುತ್ತಿತ್ತು, "ಇನ್ನೂ ಮುಂದಕ್ಕೆ ಹಾಕಿ" ಅಂತ ಹೇಳಲು ಅವರೂ ಬಿಳಿಯನ್ನೇ ಇಟ್ಟುಕೊಂಡಿದ್ದರು. ಇತ್ತ ಹೆಡ್‌ಕ್ವಾರ್ಟರ್ಸ್‌ನಲ್ಲಿ, ಮೊದಲ ಸಾಲು ಗೆದ್ದಿದೆ, ಮುಂದಿನವರನ್ನು ಕಳಿಸಿ ಅಂದರು. ಒಂಬತ್ತೂಕಾಲರ ಸುಮಾರಿಗೆ ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಿನ ಸುಮಾರು 800 ಜನ ಎದ್ದು ನಡೆದರು. ಮುಂದಿನ ಕಂದಕಗಳಲ್ಲಿ ಹೆಣ, ಗಾಯಾಳುಗಳು ತುಂಬಿ ದಾರಿ ಇರಲಿಲ್ಲ. ಅದಕ್ಕೇ ಹಿಂದಿನ ಕಂದಕದಿಂದಲೇ ಬಯಲಿಗೆ ಬಂದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮರುದಿನ ಹಾಜರಿ ಕರೆದಾಗ ಉತ್ತರ ಕೊಟ್ಟವರು 68.

ಆ ಒಂದೇ ದಿನ ಬ್ರಿಟಿಷರ ಕಡೆ ಸತ್ತವರು 19,240. ಮಷಿನ್ ಗನ್ ಕೊಂದಿತು ಅನ್ನುತ್ತಾರೆ. ಸುಳ್ಳಲ್ಲ. ಆದರೆ ಆ ಮಷಿನ್ ಗನ್ನಿನ ಹಿಂದೆ ಆಳದಲ್ಲಿ ಹೂತ ಟೆಲಿಫೋನ್ ತಂತಿ ಇತ್ತು ಅನ್ನೋದನ್ನು ಯಾರೂ ಹೇಳೋದಿಲ್ಲ. ಕಾಯುತ್ತಾ ಕೂತವನ ತಂತಿ ಅವನ ಜೊತೆಗೇ ಇರುತ್ತೆ. ಮುಂದೆ ಹೋಗುವವನ ತಂತಿ ಪ್ರತಿ ಹೆಜ್ಜೆಗೂ ಹಿಂದೆ ಉಳಿಯುತ್ತೆ. ಹೋದವನು ಒಂದು ಕಡೆ ಬೇಲಿ ದಾಟಿಯೇಬಿಟ್ಟರೂ ಆ ಸುದ್ದಿ ಹಿಂದಕ್ಕೆ ಬರುವ ಹೊತ್ತಿಗೆ ಎದುರಿನವನು ಅಲ್ಲಿಗೆ ಜನ ಕಳಿಸಿ ಆಗಿರುತ್ತದೆ. ಮೊದಲ ಮಹಾಯುದ್ಧದಲ್ಲಿ ಎರಡೂ ಕಡೆಯವರು ವರ್ಷಗಟ್ಟಲೆ ನಿಂತಲ್ಲೇ ನಿಂತರಲ್ಲ, ಅದರ ಒಂದು ದೊಡ್ಡ ಕಾರಣ ಇದು.

ತಂತಿ ಇದ್ದಲ್ಲೂ ಸುಖ ಇರಲಿಲ್ಲ ಬಿಡಿ. ಗುಂಡು ಬಿದ್ದರೆ ಕಡಿಯುತ್ತೆ ಅಂತ ಆರಡಿ ಆಳದಲ್ಲಿ ಹೂಳುತ್ತಿದ್ದರು. ಒಂದೇ ಎಳೆ ಹಾಕಿ, ಎರಡನೇ ಎಳೆಯ ಬದಲು ಭೂಮಿಯನ್ನೇ ಬಳಸುತ್ತಿದ್ದ ಕಡೆ, ಆಡಿದ ಮಾತು ನೆಲದಲ್ಲೇ ಸೋರಿ ಎದುರಾಳಿಯ ಕಿವಿಗೆ ಬೀಳುತ್ತಿತ್ತು. ಅದನ್ನು ತಡೆಯಲು ಬ್ರಿಟಿಷ್ ಸಿಗ್ನಲ್ಸ್ ಅಧಿಕಾರಿ ಫುಲ್ಲರ್ 1915ರಲ್ಲಿ ಒಂದು ಯಂತ್ರ ಮಾಡಿದ, ಫುಲ್ಲರ್‌ಫೋನ್ ಅಂತ. ನಮ್ಮ ಕಸುಬಿನ ಹೊರಗಿನವರಿಗೆ ಅದರ ಹೆಸರೇ ಗೊತ್ತಿಲ್ಲ. ಟ್ಯಾಂಕ್ ಮಾತ್ರ ಎಲ್ಲರಿಗೂ ಗೊತ್ತು.

ಟ್ಯಾಂಕ್ ವಿಷಯ ಬಂತಲ್ಲ, 1940ಕ್ಕೆ ಬನ್ನಿ. ಫ್ರೆಂಚರ ಶಾರ್ ಬಿ1 ಬಿಸ್ ಟ್ಯಾಂಕಿನ ಮುಂದಿನ ತಗಡು 60 ಮಿಲಿಮೀಟರ್ ದಪ್ಪ. ಮೇ 16ರಂದು ಸ್ಟೊನ್ ಅನ್ನುವ ಊರಿನಲ್ಲಿ ಅಂಥ ಒಂದೇ ಟ್ಯಾಂಕ್ 13 ಜರ್ಮನ್ ಟ್ಯಾಂಕ್‌ಗಳನ್ನು ಮುಗಿಸಿ, 140 ಏಟು ತಿಂದು, ತನ್ನ ಚಕ್ರದ ಮೇಲೇ ವಾಪಸ್ ಹೋಯಿತು. ಆದರೂ ಆರು ವಾರದಲ್ಲಿ ಫ್ರಾನ್ಸ್ ಸೋತಿತು. ಒಳಗೆ ಇಣುಕಿದರೆ ಒಂದು ಕಾರಣ ಕಾಣುತ್ತೆ. ಮೇಲಿನ ಗೋಪುರದಲ್ಲಿ ಒಬ್ಬನೇ ಕಮಾಂಡರ್. ದಾರಿ ನೋಡೋದು, ಗುರಿ ಹಿಡಿಯೋದು, ಗುಂಡು ತುಂಬೋದು, ಹೊಡೆಯೋದು, ಹೇಳೋದು ಎಲ್ಲ ಅವನೇ. ರೇಡಿಯೋ ಇದ್ದರೂ ಮಾತಾಡುವ ಹಾಗಿಲ್ಲ, ಮೋರ್ಸ್ ಸಂಕೇತ ಕುಟ್ಟಬೇಕು. ಫ್ರೆಂಚರ ಎಷ್ಟೋ ಸಣ್ಣ ಟ್ಯಾಂಕ್‌ಗಳಲ್ಲಿ ಅದೂ ಇಲ್ಲ, ಬಾವುಟ ಬೀಸಬೇಕು. ಜರ್ಮನ್ ಟ್ಯಾಂಕ್‌ಗಳಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರಿಗೊಬ್ಬರು ಹೇಳುವುದನ್ನು ಕೇಳುತ್ತಿದ್ದರು. ಆ ಪಡೆ ಕಟ್ಟಿದ ಗುಡೇರಿಯನ್ ಮೊದಲ ಯುದ್ಧದಲ್ಲಿ ರೇಡಿಯೋ ಘಟಕದಲ್ಲಿದ್ದವನು, ಅಂದರೆ ನಮ್ಮ ಕಸುಬಿನವನೇ. ಇತ್ತ ಫ್ರೆಂಚ್ ಮಹಾದಂಡನಾಯಕ ಗಾಮೆಲಿನ್ ಕೂತಿದ್ದ ವಿನ್ಸೆನ್ ಕೋಟೆಯಲ್ಲಿ ರೇಡಿಯೋ ಸೆಟ್ಟೇ ಇರಲಿಲ್ಲ.

ಮೇಸ್ತ್ರಿಗಳೇ, ನಿಮ್ಮ ಲೋಹ ಅವತ್ತು ಫ್ರೆಂಚರ ಕಡೆಯೇ ಗಟ್ಟಿ ಇತ್ತು, ನೋಡಿ.

ಊಟದ ಹೊತ್ತಾಯಿತು. ಉಳಿದದ್ದು ಆಮೇಲೆ.

ನೈಟ್ ಡ್ಯೂಟಿ:

ತಂತಿಯವರು ಹೇಳಿದ್ದು ಓದಲು ಚೆನ್ನಾಗಿದೆ. ಆದರೆ ನೀವೆಲ್ಲ ಗುಂಡು ತಗುಲುವವರೆಗಿನ ಕತೆ ಮಾತ್ರ ಹೇಳುತ್ತಿದ್ದೀರಿ. ನಾನು ನರ್ಸ್, ನನಗೆ ಕತೆ ಶುರುವಾಗೋದೇ ಅಲ್ಲಿಂದ.

ಬಹಳ ಕಾಲ ಸೈನಿಕರನ್ನು ಶತ್ರುವಿಗಿಂತ ಜಾಸ್ತಿ ಕೊಂದದ್ದು ಕಾಯಿಲೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಕಡೆ ಸುಮಾರು 22,000 ಜನ ಸತ್ತರು. ಅರ್ಧಕ್ಕಿಂತ ಹೆಚ್ಚು ಜನ ಟೈಫಾಯ್ಡ್ ಥರದ ಕಾಯಿಲೆಯಿಂದ. ಯಾವ ಮಷಿನ್ ಗನ್ನೂ ಅಲ್ಲ, ಕುಡಿಯುವ ನೀರು. ಆಮೇಲೆ ಲಸಿಕೆ, ಕ್ಲೋರಿನ್ ಹಾಕಿದ ನೀರು ಬಂದವು. ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಕೆಸರಿನ ಕಂದಕದಲ್ಲಿ ಕೂರಿಸಲು ಸಾಧ್ಯವಾಗಿದ್ದು ಅದರಿಂದ. ಅದು ಒಳ್ಳೆಯದಾಯಿತಾ ಕೆಟ್ಟದಾಯಿತಾ ಅಂತ ನನಗೆ ಇವತ್ತಿಗೂ ಹೇಳಲು ಬರೋದಿಲ್ಲ.

ಇನ್ನೊಂದು, ಥಾಮಸ್ ಸ್ಪ್ಲಿಂಟ್. ಒಂದು ಕಬ್ಬಿಣದ ಉಂಗುರ, ಎರಡು ಸರಳು, ಅಷ್ಟೇ. ತೊಡೆಮೂಳೆಗೆ ಗುಂಡು ಬಿದ್ದು ಮುರಿದವರು ಮೊದಲ ಯುದ್ಧದ ಶುರುವಿನಲ್ಲಿ ಹೆಚ್ಚಾಗಿ ಸಾಯುತ್ತಿದ್ದರು. ಸ್ಟ್ರೆಚರ್ ಅಲುಗಿದಾಗೆಲ್ಲ ಮೂಳೆಯ ತುದಿ ಒಳಗೇ ಕೊಯ್ಯುತ್ತೆ, ರಕ್ತ ಹೋಗುತ್ತೆ. ಕಾಲನ್ನು ಎಳೆದು ಈ ಸರಳಿಗೆ ಕಟ್ಟಿ ಆಮೇಲೆ ಎತ್ತುವುದು ರೂಢಿಯಾದ ಮೇಲೆ ಸಾವು ಬಹಳ ಇಳಿಯಿತು.

ಈಗ ಉಕ್ರೇನಿನಲ್ಲಿ ಇದು ಉಲ್ಟಾ ಹೊಡೆಯುತ್ತಿದೆ. ಗಾಯಾಳುವನ್ನು ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಬೇಕು ಅಂತ ಎಷ್ಟೋ ಸೇನೆಗಳು ಪಾಠ ಹೇಳಿಕೊಟ್ಟವು. ಅದಕ್ಕೆ ಹೆಲಿಕಾಪ್ಟರ್ ಇದ್ದವು. ಅಲ್ಲಿ ಮುಂಚೂಣಿಯ ಮೇಲೆ ಹಗಲೂ ರಾತ್ರಿ ಡ್ರೋನ್ ಕಣ್ಣು. ಆಂಬುಲೆನ್ಸ್ ಹೋದರೆ ಅದನ್ನೂ ಹೊಡೆಯುತ್ತಾರೆ. ಹಾಗಾಗಿ ಗಾಯಾಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಗುಂಡಿಯಲ್ಲೇ. ರಕ್ತ ನಿಲ್ಲಿಸಲು ಕಟ್ಟುವ ಟೂರ್ನಿಕೆಟ್ ಪಟ್ಟಿ ಬಿಗಿದದ್ದು ಬಿಗಿದ ಹಾಗೇ ಇರುತ್ತೆ. ಎರಡು ಗಂಟೆ ದಾಟಿದರೆ ಕಾಲಿಗೆ ಅಪಾಯ, ಆರು ಗಂಟೆ ಆದರೆ ಕಾಲು ಉಳಿಯೋದು ಕಷ್ಟ. ಉಳಿಸುವ ಪಟ್ಟಿಯೇ ಕಾಲು ತೆಗೆಯುತ್ತದೆ. ಸೆಮಿನಾರ್‌ನಲ್ಲಿ ಡ್ರೋನ್ ಫೋಟೋ ಹಾಕಿದರೆ ಕೆಳಗಿನ ನಾಲ್ಕು ಸಾಲಿನಲ್ಲಿ ಒಂದು ಸಾಲು ಇದಕ್ಕಿರಲಿ.

ಸುಮ್ನೆ ಓದುವವ:

ಎಲ್ಲ ಸರಿ, ಅಣುಬಾಂಬ್ ಬಿಟ್ಟೇಬಿಟ್ಟಿರಲ್ಲ? ಅದಕ್ಕಿಂತ ದೊಡ್ಡ ಬದಲಾವಣೆ ಯಾವುದಿದೆ? ಅಲ್ಲಿ ತಂತಿ ಏನು ಮಾಡುತ್ತೆ ಸ್ವಾಮಿ?

ತಂತಿ ಎಳೆದವನು:

ಬಂದೆ.

ಮೊದಲು ನೈಟ್ ಡ್ಯೂಟಿ ಅಮ್ಮನವರಿಗೆ. ಒಪ್ಪಿದೆ. ಟೂರ್ನಿಕೆಟ್ ಕಟ್ಟಿದ ಸಮಯವನ್ನು ಪಟ್ಟಿಯ ಮೇಲೆ ಬರೆಯಲು ನಮಗೂ ಕಲಿಸಿದ್ದರು. ಯಾಕೆ ಬರೆಯಬೇಕು ಅಂತ ಸರಿಯಾಗಿ ಅರ್ಥವಾದದ್ದು ಈಗ, ನೀವು ಬರೆದದ್ದನ್ನು ಓದಿದ ಮೇಲೆ.

ಓದುವವರೇ, ಅಣುಬಾಂಬ್‌ನಲ್ಲೇ ತಂತಿ ಜಾಸ್ತಿ ಬೇಕು! 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಲೋಕವನ್ನೇ ಸುಡುವಷ್ಟು ಬಾಂಬ್ ಇಟ್ಟುಕೊಂಡು ಕೂತಿದ್ದವು. ಆಗ ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರಿ ದೊಬ್ರಿನಿನ್ ಮಾಸ್ಕೋಗೆ ಸಂದೇಶ ಹೇಗೆ ಕಳಿಸುತ್ತಿದ್ದ ಗೊತ್ತಾ? ಗುಪ್ತ ಲಿಪಿಗೆ ಹಾಕಿ, ತಂತಿ ಕಂಪನಿಗೆ ಫೋನ್ ಮಾಡಿ. ಅಲ್ಲಿಂದ ಒಬ್ಬ ಹುಡುಗ ಸೈಕಲ್ ಮೇಲೆ ಬಂದು ಒಯ್ಯುತ್ತಿದ್ದ. ಆ ಹುಡುಗ ದಾರಿಯಲ್ಲಿ ಎಲ್ಲೂ ನಿಲ್ಲದೆ ಹೋಗಲಿ ಅಂತ ಇವರು ಒಳಗೇ ಬೇಡಿಕೊಳ್ಳೋದು. ಇದನ್ನು ದೊಬ್ರಿನಿನ್ನೇ ಬರೆದುಕೊಂಡಿದ್ದಾನೆ. ಆ ಹೆದರಿಕೆಯಿಂದಲೇ 1963ರ ಆಗಸ್ಟ್‌ನಲ್ಲಿ ಎರಡು ರಾಜಧಾನಿಗಳ ನಡುವೆ ನೇರ ಲೈನ್ ಹಾಕಿದರು. ಸಿನಿಮಾದಲ್ಲಿ ಕಾಣುವ ಕೆಂಪು ಫೋನ್ ಅಲ್ಲ, ಟೆಲಿಪ್ರಿಂಟರ್. ಬರೆದದ್ದಾದರೆ ಅನುವಾದಕನಿಗೆ ಎರಡು ಸಲ ಓದಲು ಪುರುಸೊತ್ತು ಇರುತ್ತೆ.

ಹಾಗಂತ ತಂತಿ ಎಳೆದರೆ ಬುದ್ಧಿ ಬರೋದಿಲ್ಲ. 1941ರ ಡಿಸೆಂಬರ್ 7, ಹವಾಯಿಯ ಗುಡ್ಡದ ಮೇಲೊಂದು ಅಮೆರಿಕದ ರೇಡಾರ್. ಬೆಳಿಗ್ಗೆ 7 ಗಂಟೆ 2 ನಿಮಿಷಕ್ಕೆ ಇಬ್ಬರು ಹುಡುಗರು ಜಪಾನಿನ ವಿಮಾನಗಳ ದೊಡ್ಡ ಗುಂಪನ್ನು ಹಿಡಿದರು, 200 ಕಿಲೋಮೀಟರಿಗೂ ಆಚೆ. ಯಂತ್ರ ತನ್ನ ಕೆಲಸ ಮಾಡಿತು. ಹುಡುಗರು ಫೋನ್ ಮಾಡಿದರು. ಫೋನೂ ತನ್ನ ಕೆಲಸ ಮಾಡಿತು. ಆ ಕಡೆಯ ಕೋಣೆಯಲ್ಲಿ ಬಹುತೇಕ ಎಲ್ಲರೂ ತಿಂಡಿಗೆ ಎದ್ದು ಹೋಗಿದ್ದರು. ಇದ್ದ ಅಧಿಕಾರಿ ಆ ಕೆಲಸಕ್ಕೆ ಹೊಸಬ. ಅವತ್ತು ನಮ್ಮದೇ ವಿಮಾನಗಳು ಬರುವುದಿತ್ತಲ್ಲ, ಅವೇ ಇರಬೇಕು, ತಲೆ ಕೆಡಿಸಿಕೊಳ್ಳಬೇಡಿ ಅಂದ. ಒಂದು ಗಂಟೆಯೂ ಆಗಲಿಲ್ಲ, ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿತ್ತು.

ಅದರ ಹಿಂದಿನ ವರ್ಷ ಬ್ರಿಟನ್ನಿನಲ್ಲೂ ರೇಡಾರ್ ಇತ್ತು. ಜರ್ಮನ್ನರ ರೇಡಾರ್ ಯಂತ್ರವಾಗಿ ನೋಡಿದರೆ ಅದಕ್ಕಿಂತ ನಾಜೂಕು. ಆದರೆ ಬ್ರಿಟನ್ನಿನಲ್ಲಿ ಯುದ್ಧವಿಮಾನ ಪಡೆಯ ಮುಖ್ಯಸ್ಥ ಡೌಡಿಂಗ್ ಮೊದಲೇ ಕೂತು, ಯಾವ ಗೋಪುರದಿಂದ ಯಾವ ಕೋಣೆಗೆ ಫೋನ್ ಹೋಗಬೇಕು, ಎರಡು ಗೋಪುರ ಬೇರೆ ಬೇರೆ ಹೇಳಿದರೆ ಯಾರು ಸೋಸಬೇಕು, ನಕ್ಷೆಯ ಮೇಜಿನ ಮೇಲೆ ವಿಮಾನಗಳ ಗುರುತಿನ ಬಿಲ್ಲೆಯನ್ನು ಯಾರು ತಳ್ಳಬೇಕು, ಎಲ್ಲ ಗೊತ್ತುಮಾಡಿದ್ದ. ಗೋಡೆ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಒಂದು ಬಣ್ಣ, ಆಯಾ ಹೊತ್ತಿನ ಬಿಲ್ಲೆಗೂ ಅದೇ ಬಣ್ಣ. ಹಳಸಿದ ಸುದ್ದಿ ಯಾವುದು ಅಂತ ನೋಡಿದ ಕೂಡಲೇ ತಿಳಿಯಲಿ ಅಂತ. ನನಗೆ ಇಡೀ ಯುದ್ಧದಲ್ಲಿ ಬಹಳ ಇಷ್ಟವಾದ ಯಂತ್ರ ಆ ಬಣ್ಣದ ಗಡಿಯಾರ.

ಇನ್ನು ಡ್ರೋನ್. ನಗಬೇಡಿ, ಅಲ್ಲೂ ತಂತಿಯೇ ವಾಪಸ್ ಬಂದಿದೆ. ಮೊದಮೊದಲು ಎಲ್ಲ ಡ್ರೋನ್ ರೇಡಿಯೋ ಮೇಲೆ ಹಾರುತ್ತಿದ್ದವು. ಅದಕ್ಕೆ ರೇಡಿಯೋ ಸಂಕೇತ ಕೆಡಿಸುವ ಜ್ಯಾಮರ್ ಇಟ್ಟರು, ಡ್ರೋನ್ ಕುರುಡಾಗಿ ಬೀಳತೊಡಗಿದವು. 2024ರಲ್ಲಿ ರಷ್ಯದವರು ಫೈಬರ್ ಎಳೆ ಸುತ್ತಿದ ಉರುಳೆ ಕಟ್ಟಿ ಹಾರಿಸಲು ಶುರು ಮಾಡಿದರು, ಆಮೇಲೆ ಉಕ್ರೇನಿನವರೂ. ಹತ್ತು, ಇಪ್ಪತ್ತು ಕಿಲೋಮೀಟರ್ ಉದ್ದದ ಎಳೆ, ಕೂದಲಿನಷ್ಟು ಸಣ್ಣ, ಡ್ರೋನ್ ಹೋದ ಹಾಗೆ ಹಿಂದೆ ಬಿಚ್ಚಿಕೊಳ್ಳುತ್ತೆ. ಜ್ಯಾಮರ್ ಏನೂ ಮಾಡಲಾಗದು. ಇದು ಪೂರಾ ಹೊಸದೂ ಅಲ್ಲ. 1973ರಲ್ಲಿ ಸಿನಾಯಿಯಲ್ಲಿ ಈಜಿಪ್ಟಿನ ಕಾಲಾಳುಗಳು ಬಳಸಿದ ಸೋವಿಯತ್ ಟ್ಯಾಂಕ್ ನಾಶಕ ಕ್ಷಿಪಣಿಯೂ ಹೀಗೇ ಮೂರು ಕಿಲೋಮೀಟರ್ ತಂತಿ ಬಿಚ್ಚಿಕೊಂಡು ಹೋಗುತ್ತಿತ್ತು.

ಫೈಬರ್ ಉರುಳೆಯ ವಿಡಿಯೋವನ್ನು ಮೊಮ್ಮಗ ತೋರಿಸಿದಾಗ ನಾನು ಫೋನ್ ಕಿತ್ತುಕೊಂಡು ಮೂರು ಸಲ ನೋಡಿದೆ. ಎಳೆ ಎಲ್ಲೂ ಗಂಟಾಗದೆ, ಜಗ್ಗದೆ ಬಿಚ್ಚಿಕೊಳ್ಳುತ್ತೆ. ನಮ್ಮ ಡ್ರಮ್ ಹಾಗೆ ಬಿಚ್ಚಿಕೊಂಡಿದ್ದರೆ ನನ್ನ ಬಲ ಭುಜ ಇವತ್ತು ನೆಟ್ಟಗಿರುತ್ತಿತ್ತು. ಈಗ ಅಲ್ಲಿನ ಹೊಲಗಳ ಮೇಲೆಲ್ಲ ಈ ಎಳೆ ಜೇಡರ ಬಲೆಯ ಹಾಗೆ ಬಿದ್ದಿದೆ, ಬಿಸಿಲಿಗೆ ಹೊಳೆಯುತ್ತೆ. ಆ ಫೋಟೋ ನೋಡಿದಾಗ ನನಗೆ ನೆನಪಾದದ್ದು ಬೆನ್ನ ಮೇಲಿನ ತಗಡಿನ ತ್ರಿಕೋನ.

ಲೇತ್ ಮೇಸ್ತ್ರಿ:

ಫೈಬರ್ ಅಂದರೆ ಗಾಜು. ಗಾಜೂ ಮೆಟೀರಿಯಲ್ಲೇ ಅಲ್ವಾ? ನಾನು ಸೋತಿಲ್ಲ 😄

ಮೂರನೇ ಬೆಂಚು:

ಎಲ್ಲರಿಗೂ ಥ್ಯಾಂಕ್ಸ್. ತಂಗಿ, ತಮ್ಮ ಅಲ್ಲ ಸರ್.

ಆಲ್ಬಮ್ ತೆಗೆದುಹಾಕಿದೆ. ಬಿಳಿ ಫ್ಲೇರ್‌ನಿಂದ ಶುರು ಮಾಡುತ್ತೇನೆ, ಅದೊಂದಕ್ಕೇ ಐದು ನಿಮಿಷ. ಆಮೇಲೆ 1940, ಆಮೇಲೆ ಹವಾಯಿಯ ಫೋನ್ ಮತ್ತು ಡೌಡಿಂಗ್ ಮೇಜು ಅಕ್ಕಪಕ್ಕ. ಕೊನೆಗೆ ಫೈಬರ್ ಎಳೆ, ಜೊತೆಗೆ ನೈಟ್ ಡ್ಯೂಟಿ ಮೇಡಂ ಹೇಳಿದ ಟೂರ್ನಿಕೆಟ್. ಮೇಸ್ತ್ರಿ ಸರ್, ನಿಮ್ಮ ಕಬ್ಬಿಣದ ಕೊಳವೆಯನ್ನು ಪ್ರಶ್ನೋತ್ತರಕ್ಕೆ ಇಟ್ಟುಕೊಂಡಿದ್ದೇನೆ, ಯಾರಾದರೂ ಕೇಳಿಯೇ ಕೇಳುತ್ತಾರೆ.

ತಂತಿ ಸರ್‌ಗೆ ಒಂದು ಪ್ರಶ್ನೆ, ಸೆಮಿನಾರ್‌ಗಲ್ಲ, ನನಗೇ. ರಾತ್ರಿ ಎಲ್ಲೋ ತಂತಿ ಕಡಿದರೆ ಎಲ್ಲಿ ಕಡಿದಿದೆ ಅಂತ ಹೇಗೆ ಗೊತ್ತಾಗುತ್ತಿತ್ತು? ಟಾರ್ಚ್ ಹಾಕುವ ಹಾಗಿಲ್ಲ ಅಲ್ವಾ?

ತಂತಿ ಎಳೆದವನು:

ಟಾರ್ಚ್ ಹಾಕಿದರೆ ಹವಾಲ್ದಾರರ ಕೈಯಲ್ಲಿ ಏಟು, ತಂಗಿ.

ತಂತಿಯನ್ನು ಮುಷ್ಟಿಯೊಳಗೆ ಸಡಿಲವಾಗಿ ಹಿಡಿದು ನಡೆಯುತ್ತಾ ಹೋಗೋದು. ಅದು ಅಂಗೈಯಲ್ಲಿ ಜಾರುತ್ತಾ ಇರುತ್ತೆ. ಸಿಪ್ಪೆ ಸುಲಿದಿದ್ದರೆ ಕೈಗೇ ತಿಳಿಯುತ್ತೆ, ಪೂರ್ತಿ ಕಡಿದಿದ್ದರೆ ತುದಿ ಸಿಗುತ್ತೆ. ಒಳಗೇ ಕಡಿದು ಮೇಲೆ ಸರಿ ಇದ್ದರೆ ಕಷ್ಟ. ಆಗ ಅಲ್ಲಲ್ಲಿ ನಿಂತು, ಸಿಪ್ಪೆಗೆ ಪಿನ್ ಚುಚ್ಚಿ, ಕೈಲಿರುವ ಫೋನ್ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಬೇಕು. ಹಿಂದಿನವನು ಉತ್ತರ ಕೊಟ್ಟು ಮುಂದಿನವನು ಕೊಡದಿದ್ದರೆ ತೊಂದರೆ ಇನ್ನೂ ಮುಂದಿದೆ, ನಡಿ. ಮುಂದಿನವನು ಸಿಕ್ಕಿ ಹಿಂದಿನವನು ಸಿಗದಿದ್ದರೆ ದಾಟಿ ಬಂದುಬಿಟ್ಟಿದ್ದೀಯ, ವಾಪಸ್ ಹೋಗು.

ಸಿಕ್ಕ ಮೇಲೆ ಎರಡು ತುದಿಗೂ ಮೊದಲು ಗಂಟು ಹಾಕಬೇಕು. ಆಮೇಲೆ ತಾಮ್ರ ಹೊಸೆಯೋದು. ಗಂಟಿಲ್ಲದೆ ಬರೀ ಹೊಸೆದರೆ ಯಾರಾದರೂ ಕಾಲು ಎಡವಿದಾಗ ಎಳೆತ ತಾಮ್ರದ ಮೇಲೇ ಬಿದ್ದು ಮತ್ತೆ ಕಿತ್ತು ಬರುತ್ತೆ. ಮೇಲೆ ಟೇಪ್ ಸುತ್ತಿ, ಫೋನ್ ಸಿಕ್ಕಿಸಿ, ಎರಡೂ ಕಡೆಯಿಂದ ಹಲೋ ಬರುವವರೆಗೆ ಅಲ್ಲಿಂದ ಏಳುವ ಹಾಗಿಲ್ಲ.